ಅಜ್ಜಿಯ ಕಣ್ಣೊಳಗಿನ ಜಡೆ

ಮೊನ್ನೆ ಹಿತ್ತಿಲಿಗೆ ಕಾಲಿಟ್ಟವನಿಗೆ ನೀಲಿಯ ವಾಸನೆ ಬಡಿಯಿತು. ಬಿಳಿ ಬಟ್ಟೆಗೆ ಹಾಕುವ ನೀಲಿ. ತಂತಿಯ ಮೇಲೆ ಅಪ್ಪನ ಹಳೆಯ ಪಂಚೆ ತೊಟ್ಟಿಕ್ಕುತ್ತಿತ್ತು. ಕೆಂಪು ಅಂಚಿನದು, ಒಂದು ಮೂಲೆಗೆ ತೇಪೆ ಹಾಕಿದ್ದು. ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಬಿದ್ದಿದ್ದನ್ನು ಹೆಂಡತಿ ತೆಗೆದು ಒಗೆದು ಹಾಕಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

"ಇದಕ್ಕೆ ನೀಲಿ ಹಾಕು ಅಂತ ಯಾರೇ ಹೇಳಿದ್ದು?"

"ಬಿಳಿ ಬಟ್ಟೆಗೆ ನೀಲಿ ಹಾಕ್ದೆ ಹುಣಸೇಹುಳಿ ಹಾಕ್ತಾರಾ?" ಅಂದವಳು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಅವಳ ತಪ್ಪಿಲ್ಲ. ಆ ಪಂಚೆಗೆ ನೀಲಿ ತಾಗಿಸಬಾರದು ಎಂಬುದು ನಮ್ಮ ಮನೆಯಲ್ಲಿ ಒಂದು ಕಾಲದ ಕಟ್ಟಪ್ಪಣೆ. ಅಪ್ಪನದಲ್ಲ, ಅಕ್ಕನದು. "ನೀಲಿ ಬಟ್ಟೆ ಬೆಳಕು ಬಿದ್ರೆ ಫೋಟೋದಲ್ಲಿ ಮುಖ ಹೆಣದ ಥರ ಬತ್ತದೆ ಕಣೋ. ಬರೀ ನೀರಲ್ಲಿ ಜಾಲಿಸು, ಸಾಕು," ಅನ್ನುತ್ತಿದ್ದಳು. ಹಾಗೆ ಜಾಲಿಸಿ ಜಾಲಿಸಿ ಪಂಚೆ ಕೆನೆಯ ಬಣ್ಣಕ್ಕೆ ತಿರುಗಿತ್ತು. ಆ ಕೆನೆ ಬಣ್ಣವೇ ಅವಳಿಗೆ ಬೇಕಾಗಿದ್ದದ್ದು...

ಅಕ್ಕ ಅರಸೀಕೆರೆಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಅವಳು ಪಿಯುಸಿ ಓದಿದ್ದಳು. ನಾನು ಏಳನೇ ಕ್ಲಾಸಿಗೇ ಶರಣು ಹೊಡೆದು ಕೊಬ್ಬರಿ ಮಂಡಿಯಲ್ಲಿ ಚೀಲ ಹೊರಲು ಹೋದವನು. ಮನೆಗೆ ಬಂದವರೆಲ್ಲ ಅವಳನ್ನು ನೋಡಿ "ಬುದ್ಧಿವಂತೆ" ಎನ್ನುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ "ಇವನಿಗೆ ರಟ್ಟೆ ಚೆನ್ನಾಗೈತೆ" ಎನ್ನುತ್ತಿದ್ದರು. ಆ ಮಾತು ಎಲ್ಲಿ ಚುಚ್ಚುತ್ತಿತ್ತು ಎಂದು ಆಗ ನನಗೇ ತಿಳಿದಿರಲಿಲ್ಲ.

ಸ್ಟುಡಿಯೋದಲ್ಲಿ ಅವಳ ಕೆಲಸ ಕಂಪ್ಯೂಟರಿನ ಮುಂದೆ. ಮದುವೆ ಹೆಣ್ಣಿನ ಮೊಡವೆ ಅಳಿಸುವುದು, ಅರ್ಜಿಗೆ ಅಂಟಿಸುವ ಫೋಟೋಗಳ ಹಿಂದೆ ನೀಲಿ ಪರದೆ ಕೂರಿಸುವುದು. ಮಾಲೀಕ ಊಟಕ್ಕೆ ಮನೆಗೆ ಹೋದಾಗ ಅದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಊರಿನ ಫೋಟೋಗ್ರಾಫರುಗಳ ಚಿತ್ರ ನೋಡುತ್ತಾ ಕೂರುತ್ತಿದ್ದಳು. ಭಾನುವಾರದ ಪುರವಣಿಯಲ್ಲಿ ಒಳ್ಳೆಯದೇನಾದರೂ ಬಂದರೆ ಕತ್ತರಿಸಿ ಮನೆಗೆ ತಂದು, ಅಡುಗೆಮನೆಯ ಗೋಡೆಗೆ ಅನ್ನದ ಅಗುಳಿನಲ್ಲಿ ಅಂಟಿಸುತ್ತಿದ್ದಳು. ಉಪ್ಪಿನ ಗದ್ದೆಯಲ್ಲಿ ನಿಂತವರು, ರೈಲಿನ ಬಾಗಿಲಲ್ಲಿ ನಿದ್ದೆ ಹೋದವನು, ಕನ್ನಡಿ ಹೊತ್ತುಕೊಂಡು ರಸ್ತೆ ದಾಟುತ್ತಿರುವ ಹೆಂಗಸು.

"ಇವ್ರೆಲ್ಲ ಸತ್ತು ದೊಡ್ಡೋರಾದೋರಲ್ಲ ಕಣೋ, ಈಗ ಬದುಕಿರೋರು. ನಮ್ಮ ಥರಾನೇ ಬಸ್ಸಲ್ಲಿ ಓಡಾಡೋರು," ಎಂದು ಹೇಳುವಾಗ ಅವಳ ದನಿ ಬದಲಾಗುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಅವರೇ ಹತ್ತಿ ಪಕ್ಕದಲ್ಲಿ ಕೂರುತ್ತಾರೇನೋ ಅನ್ನುವ ಹಾಗೆ.

ನನಗೆ ಫೋಟೋ ಎಂದರೆ ಮದುವೆ ಆಲ್ಬಮ್ಮು, ಇಲ್ಲದಿದ್ದರೆ ಹಾರ ಹಾಕಿದ ಗೋಡೆ. ಒಂದು ಫೋಟೋದ ಮುಂದೆ ನಿಲ್ಲುವುದನ್ನು ಅವಳೇ ಕಲಿಸಿದ್ದು. "ಮೊದ್ಲು ಕಣ್ಣು ನೋಡು. ಪಾಪೇಲಿ ಬಿಳೀ ಚುಕ್ಕಿ ಐತಲ್ಲ, ಅದೇ ಬೆಳಕು. ಉದ್ದಕ್ಕಿದ್ರೆ ಬಾಗ್ಲು ಪಕ್ಕ ಕೂರ್ಸವ್ರೆ. ರೌಂಡಿದ್ರೆ ಛತ್ರಿ ಲೈಟು. ಎಲ್ಲಾ ಮುಚ್ಚಿಡಬೌದು, ಕಣ್ಣು ಮಾತ್ರ ಎದುರಿಗಿದ್ದೋರ್ನ ಬಿಟ್ಟುಕೊಡ್ತದೆ." ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಗುರುತಿಲ್ಲದವರ ಕಣ್ಣೊಳಗೆ ಇಣುಕುತ್ತಿದ್ದೆವು. ಅವ್ವ ಬೈಯುತ್ತಿದ್ದಳು, "ರೊಟ್ಟಿ ಸೀದೋಗ್ತಾವೆ, ಇವ್ರಿಗೆ ಯಾರ್ದೋ ಕಣ್ಣಿನ ಚಿಂತೆ."

ಸ್ಟುಡಿಯೋಗೆ ರಜೆ ಇದ್ದ ದಿನ ಅಕ್ಕ ಮಾಲೀಕನನ್ನು ಕೇಳಿ ಅಲ್ಲಿಯ ಹಳೆಯ ಕ್ಯಾಮೆರಾ ತರುತ್ತಿದ್ದಳು. ಇಬ್ಬರೂ ಬಸ್ಸು ಹತ್ತುತ್ತಿದ್ದೆವು, ಒಮ್ಮೆ ಬಾಣಾವರ, ಒಮ್ಮೆ ಜಾವಗಲ್ ದಾಟಿ ಹಳೇಬೀಡು. ಅವಳು ಕ್ಯಾಮೆರಾ, ನಾನು ಪಂಚೆ. ಬಿಸಿಲಿಗೆ ಪಂಚೆ ಬಿಡಿಸಿ ಮುಖದ ಎತ್ತರಕ್ಕೆ ಹಿಡಿದರೆ ಎದುರಿಗಿದ್ದವರ ಮೇಲೆ ಮೆತ್ತನೆಯ ಬೆಳಕು ಹೋಗಿ ಬೀಳುತ್ತಿತ್ತು. "ಎಡಕ್ಕೋ... ಇನ್ನೂ ಎಡಕ್ಕೆ... ಹಾಂ, ಉಸಿರು ಬಿಡಬೇಡ." ಕ್ಲಿಕ್ಕಿಸುವ ಮುಂಚೆ ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಳ್ಳುವುದು ಅವಳ ಅಭ್ಯಾಸ. ಬಗ್ಗಿದಾಗ ಅಡ್ಡ ಬರಬಾರದೆಂದು.

ಹಳೇಬೀಡಿನ ಗುಡಿಯ ಗೇಟಿನ ಹೊರಗೆ ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಮಾರುವ ಅಜ್ಜಿಯೊಬ್ಬಳಿದ್ದಳು. ಅಕ್ಕ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಅಜ್ಜಿ ಕೈ ಅಡ್ಡ ಹಿಡಿದಳು.

"ನನ್ನ ಮುಖದಾಗೇನೈತವ್ವ? ಒಳಗೆ ಕಲ್ಲಿನ ಹೆಂಗಸ್ರವ್ರೆ, ಒಬ್ರಿಗಿಂತ ಒಬ್ರು ಚಂದ. ಹೋಗಿ ಅವ್ರನ್ನ ತೆಗಿ."

"ಅವ್ರನ್ನ ಎಲ್ರೂ ತೆಗೀತಾರಜ್ಜಿ. ಅವ್ರು ತಿರುಗಿ ನೋಡಲ್ಲ."

ಅಜ್ಜಿ ಬೊಚ್ಚು ಬಾಯಿ ಬಿಟ್ಟು ನಕ್ಕಳು. ನಕ್ಕು ಮುಗಿಸಿ, ನಗು ಇಳಿಯುವ ಹೊತ್ತಿಗೆ, ಕ್ಯಾಮೆರಾವನ್ನೇ ದಿಟ್ಟಿಸಿದಳು. ನಾನು ಉಸಿರು ಬಿಡಲಿಲ್ಲ. ಆಗ ಅಕ್ಕ ಒತ್ತಿದಳು... ಬರುವಾಗ ಬಸ್ಸಿನಲ್ಲಿ ಕ್ಯಾಮೆರಾದ ಪುಟ್ಟ ಪರದೆಯನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡಿದಳು. ನನಗೆ ಒಂದೇ ಒಂದು ಸಲ ತೋರಿಸಿ, "ಇವತ್ತು ಬಂತು ಕಣೋ," ಅಂದಳು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ತೆಗೆದ ಫೋಟೋಗಳನ್ನೆಲ್ಲ ಸ್ಟುಡಿಯೋ ಕಂಪ್ಯೂಟರಿಗೇ ಇಳಿಸುತ್ತಿದ್ದಳು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಕೆಲವು ತಿಂಗಳಾದ ಮೇಲೆ ಪತ್ರಿಕೆಯಲ್ಲಿ ಅಜ್ಜಿಯ ಮುಖ ಬಂತು. ಯಾವುದೋ ಸ್ಪರ್ಧೆಯಲ್ಲಿ ಮೊದಲ ಬಹುಮಾನ. ಕೆಳಗಿದ್ದ ಹೆಸರು ಸ್ಟುಡಿಯೋ ಮಾಲೀಕನದು.

ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಸ್ಟುಡಿಯೋಗೆ ಹೋದಳು. ಅವನು ನಗುತ್ತಲೇ ಹೇಳಿದನಂತೆ, "ಕ್ಯಾಮೆರಾ ನಂದು, ಕಂಪ್ಯೂಟರ್ ನಂದು. ಅವತ್ತು ಹಳೇಬೀಡಿಗೆ ಬಂದಿದ್ದೂ ನಾನೇ. ನೀನು ಲೈಟ್ ಹಿಡಿದಿದ್ದೆ, ಮರ್ತೋಯ್ತಾ?" ಅಕ್ಕ ಬಿಡಲಿಲ್ಲ. ಪೇಟೆಯ ನಾಲ್ಕು ಜನ ಹಿರಿಯರನ್ನು ಕೂರಿಸಿಯೇ ಕೂರಿಸಿದಳು. "ನನ್ನ ತಮ್ಮ ಜೊತೇಲಿದ್ದ. ಅವನು ಹೇಳಲಿ," ಎಂದಳು. ಅವಳ ಕಡೆ ಇದ್ದ ಸಾಕ್ಷಿ ನಾನೊಬ್ಬನೇ.

ಅವತ್ತು ಬೆಳಿಗ್ಗೆ ಸ್ಟುಡಿಯೋ ಮಾಲೀಕ ಕೊಬ್ಬರಿ ಮಂಡಿಗೇ ಬಂದಿದ್ದ. ಆಗ ನನಗೆ ಬಾಣಾವರದ ಹೆಣ್ಣು ನಿಶ್ಚಯವಾಗಿತ್ತು. ಅವನ ಹೆಂಡತಿಯ ಕಡೆಯ ಹುಡುಗಿ. ಮಾತುಕತೆ ಆಡಿಸಿದ್ದೂ ಅವನೇ. ಕೊಬ್ಬರಿ ರಾಶಿಯ ಹಿಂದೆ ಕರೆದು ಹೆಗಲ ಮೇಲೆ ಕೈ ಹಾಕಿದ.

"ನೋಡಪ್ಪ, ಹೆಣ್ಣಿನ ಕಡೆಯೋರು ಕೇಳ್ತಾವ್ರೆ. ಹುಡುಗನ ಅಕ್ಕ ಕ್ಯಾಮೆರಾ ನೇತಾಕ್ಕೊಂಡು ಊರೂರು ಅಲೀತಾಳಂತಲ್ಲ, ಕಂಡಕಂಡೋರ ಮುಂದೆ ಕುಕ್ಕರಗಾಲಲ್ಲಿ ಕೂರ್ತಾಳಂತಲ್ಲ ಅಂತ. ಸಂಬಳಕ್ಕಿದ್ಲು, ಲೈಟ್ ಹಿಡೀತಿದ್ಲು ಅಂದ್ಬಿಡು. ಅವಳಿಗೂ ಮರ್ಯಾದೆ, ನಿಂಗೂ ಮದ್ವೆ."

ಹೆದರಿಸಿದ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಆ ಮಾತು ಹಿತವಾಗಿ ಕೇಳಿಸಿತು. ಬುದ್ಧಿವಂತೆ ಎನಿಸಿಕೊಂಡವಳ ಹಣೆಬರಹ ಒಂದು ದಿನದ ಮಟ್ಟಿಗಾದರೂ ನನ್ನ ಬಾಯಲ್ಲಿತ್ತು.

ಸ್ಟುಡಿಯೋದ ಜಗಲಿಯ ಮೇಲೆ ಹಿರಿಯರು ಕೂತಿದ್ದರು. ಒಬ್ಬರು ಕೇಳಿದರು, "ಹೇಳಪ್ಪ, ಯಾರು ಏನು ಹಿಡಿದಿದ್ರು?" ಅಕ್ಕ ನನ್ನನ್ನು ನೋಡಿ ಸಣ್ಣಗೆ ನಕ್ಕಳು. ಇನ್ನೇನು ಮುಗಿಯಿತು ಅನ್ನುವ ನಗು. ನಾನು ನನ್ನ ಕಾಲು ನೋಡಿಕೊಂಡು ಹೇಳಿದೆ:

"ನಮ್ಮಕ್ಕ ಬರೀ ಲೈಟ್ ಹಿಡೀತಿದ್ದಿದ್ದು."

ಲೈಟ್ ಹಿಡಿದವನು ನಾನು. ನನ್ನ ಕೆಲಸವನ್ನು ಅವಳಿಗೆ ಹಚ್ಚಿ, ಅವಳ ಕೆಲಸವನ್ನು ಎತ್ತಿ ಅವನಿಗೆ ಕೊಟ್ಟೆ.

ಅಕ್ಕ ಜಗಲಿ ಇಳಿದು ನಡೆದಳು. ಮನೆಗೆ ಬಂದು ಅಡುಗೆಮನೆಯ ಗೋಡೆಯಲ್ಲಿದ್ದ ಫೋಟೋಗಳನ್ನು ಉಗುರಿನಲ್ಲಿ ಒಂದೊಂದಾಗಿ ಬಿಡಿಸಿ ಒಲೆಗೆ ಹಾಕಿದಳು. ಅನ್ನದ ಅಗುಳು ಗಟ್ಟಿಯಾಗಿ ಹಿಡಿದಿತ್ತು, ಸುಣ್ಣವೂ ಕಿತ್ತು ಬಂತು. ನನ್ನ ಮದುವೆಯಲ್ಲಿ ಎಲ್ಲರಿಗೂ ಬಡಿಸಿದಳು. ಫೋಟೋ ತೆಗೆಯುವವನು "ಅಕ್ಕ, ಬನ್ನಿ" ಎಂದು ಕರೆದಾಗ ಸಾರಿನ ಬಕೆಟ್ ಹಿಡಿದು ಒಳಗೆ ಹೋದಳು. ಆಮೇಲೆ ಗಾರ್ಮೆಂಟ್ಸ್ ಸೇರಿದಳು, ನಾನು ಮಂಡಿ ಬಿಟ್ಟು ಆಟೋ ಓಡಿಸತೊಡಗಿದೆ. ನನ್ನ ಜೊತೆ ಮಾತು ಬಿಡಲಿಲ್ಲ, ಅದೇ ಕಷ್ಟವಾಗಿದ್ದು. ಊಟ ಆಯ್ತಾ, ಆಟೋ ಸರ್ವೀಸಿಗೆ ಬಿಟ್ಯಾ... ಅಷ್ಟೇ. ಕಾಮಾಲೆ ಉಲ್ಬಣಿಸಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಕಿಟಕಿಯ ಪರದೆ ಸರಿಸಲು ಹೋದೆ. ಜ್ವರದ ಮಂಪರಿನಲ್ಲೇ ಅಂದಳು, "ಎಡಕ್ಕೋ... ಇನ್ನೂ ಎಡಕ್ಕೆ." ಮಾರನೆಯ ದಿನ ಹೋಗಿಬಿಟ್ಟಳು. ಹಾರ ಹಾಕಲು ನೋಡಿದರೆ ಅವಳದೊಂದು ಸರಿಯಾದ ಫೋಟೋ ಇಲ್ಲ. ಗುರುತಿನ ಚೀಟಿಯಲ್ಲಿದ್ದ ಬೆರಳುಗುರಿನಷ್ಟು ಮುಖವನ್ನೇ ದೊಡ್ಡದು ಮಾಡಿಸಿದೆವು. ಮುಖ ಇಬ್ಬನಿ ಕವಿದ ಹಾಗೆ ಬಂತು.

ಅವತ್ತಿನಿಂದ ನನಗೆ ಆ ಮಾಲೀಕನ ಮೇಲೆ ಹಗೆ ಹೊತ್ತಿಕೊಂಡಿತು. ನನ್ನ ಮೇಲೆ ಹೊತ್ತಿಕೊಳ್ಳಬೇಕಾದ್ದೂ ಅವನ ಮೇಲೆಯೇ ಸೇರಿ ಹೊತ್ತಿಕೊಂಡಿತೋ ಏನೋ. ಅವನ ಸ್ಕೂಟರಿನ ಚಕ್ರಕ್ಕೆ ಜಾಲಿಮುಳ್ಳು ಇಟ್ಟೆ. ಅವನ ಬೋರ್ಡಿನ ದೀಪಕ್ಕೆ ಕಲ್ಲು ಹೊಡೆದೆ. ಆಟೋ ಹತ್ತಿ ಅವನ ಸ್ಟುಡಿಯೋ ಕೇಳಿದವರಿಗೆಲ್ಲ "ಅಲ್ಲಿ ಬೇಡಿ, ಅಲ್ಲಿ ತೆಗ್ಸಿದ ಫೋಟೋಗೆ ಹೆಣ್ಣು ಒಪ್ಪಲ್ಲ" ಎಂದು ಬೇರೆ ಕಡೆ ಇಳಿಸಿದೆ. ಇದೆಲ್ಲ ಸೇಡಲ್ಲ, ಬರೀ ತುರಿಕೆ. ಅವನು ದಪ್ಪಗಾಗುತ್ತಲೇ ಹೋದ. ತಲೆ ಬೋಳಾಯಿತು, ಹೆಸರು ದೊಡ್ಡದಾಯಿತು. ದಾರಿಯಲ್ಲಿ ಸಿಕ್ಕಾಗಲೆಲ್ಲ "ಏನಪ್ಪಾ, ಅಳಿಯಂದ್ರೆ" ಎಂದು ಬೆನ್ನು ತಟ್ಟುತ್ತಿದ್ದ. ಆ ಕೈ ಬಿದ್ದ ಜಾಗವನ್ನು ಮನೆಗೆ ಬಂದು ಉಜ್ಜಿ ತೊಳೆದುಕೊಳ್ಳುತ್ತಿದ್ದೆ.

ಈ ವರ್ಷ ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬಳು ಹುಡುಗಿ ನನ್ನ ಆಟೋ ಹತ್ತಿದಳು. ಹೆಗಲಲ್ಲಿ ಕ್ಯಾಮೆರಾ, ಕೈಯಲ್ಲಿ ಉದ್ದನೆಯ ರಟ್ಟಿನ ಕೊಳವೆ. "ಬಸ್ ಸ್ಟ್ಯಾಂಡಿಗೆ ಬಿಡಿ ಅಂಕಲ್. ಬೇಲೂರಿಗೆ ಹೋಗ್ಬೇಕು." ಬೇಲೂರಿನ ಸಮುದಾಯ ಭವನದಲ್ಲಿ ಈಗಿನ ಫೋಟೋಗ್ರಾಫರುಗಳ ಪ್ರದರ್ಶನವಂತೆ, ಅವಳವೂ ಇವೆಯಂತೆ. ಕೈಪತ್ರವೊಂದನ್ನು ಕೊಟ್ಟಳು. ಅದರ ಮೇಲೆ ಅಜ್ಜಿ ನನ್ನನ್ನೇ ದಿಟ್ಟಿಸುತ್ತಿದ್ದಳು.

"ಸಖತ್ತಾಗಿದೆ ಅಲ್ವಾ? ಸ್ಕೂಲಲ್ಲಿದ್ದಾಗ ಈ ಫೋಟೋನ ಪೇಪರಲ್ಲಿ ನೋಡಿದ್ದೆ. ನಾನು ಕ್ಯಾಮೆರಾ ಹಿಡಿದಿದ್ದೇ ಇದರಿಂದ. ಇವತ್ತು ಇದನ್ನ ತೆಗೆದವರಿಗೆ ಸನ್ಮಾನ ಇದೆ. ಆ ಬೆಳಕು ಹೇಗೆ ಮಾಡಿದ್ರು ಅಂತ ಕೇಳ್ಬೇಕು ನಾನು."

ಆಟೋವನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಬೀಗ ಹಾಕಿ, ಅವಳು ಹತ್ತಿದ ಬಸ್ಸನ್ನೇ ನಾನೂ ಹತ್ತಿದೆ.

ಭವನದ ಗೋಡೆಗಳ ತುಂಬ ಫೋಟೋ. ಹೊಟ್ಟೆಯಲ್ಲಿ ಬೆಂಕಿ ಇದ್ದರೂ ಕಾಲು ತಾನೇ ನಿಂತು ನಿಂತು ಹೋಯಿತು. ಪೌರಕಾರ್ಮಿಕರ ಮನೆಯೊಳಗಿನ ಟೀವಿ ಬೆಳಕನ್ನು ಒಬ್ಬ ತೆಗೆದಿದ್ದ. ಮಕ್ಕಳ ಮುಖ ನೀಲಿಯಾಗಿದ್ದರೂ ಹೆಣದ ಹಾಗಿರಲಿಲ್ಲ. ಅಕ್ಕನಿಗೆ ಇದನ್ನು ತೋರಿಸಬೇಕಿತ್ತು, ನಿನ್ನ ಮಾತು ಸುಳ್ಳಾಯ್ತು ನೋಡು ಎಂದು ರೇಗಿಸಬೇಕಿತ್ತು... ಆ ಹುಡುಗಿಯದು ರೈಲ್ವೆ ಗೇಟು ಕಾಯುವ ಹೆಂಗಸರ ಚಿತ್ರಗಳು. ಒಬ್ಬಳ ಕಣ್ಣಿನಲ್ಲಿ ಬಿಳಿ ಚುಕ್ಕಿ ಉದ್ದಕ್ಕಿತ್ತು. "ಇವ್ರನ್ನ ಬಾಗ್ಲು ಪಕ್ಕ ಕೂರ್ಸಿದ್ದೀಯ ಅಲ್ವೇನಮ್ಮ?" ಎಂದೆ. ಅವಳು ಬೆರಗಾದಳು. "ನಿಮಗೆ ಹೇಗೆ ಗೊತ್ತಾಯ್ತು ಅಂಕಲ್?" "ನಮ್ಮಕ್ಕ ಹೇಳ್ಕೊಟ್ಟಿದ್ದು," ಎಂದೆ. ಎಷ್ಟೋ ವರ್ಷದ ಮೇಲೆ ಅಕ್ಕನ ಬಗ್ಗೆ ನನ್ನ ಬಾಯಿಂದ ಬಂದ ಮೊದಲ ನಿಜ ಅದು.

ಕೊನೆಯ ಗೋಡೆಯಲ್ಲಿ ಅಜ್ಜಿ. ಆಳೆತ್ತರದ ಚಿತ್ರ. ಪತ್ರಿಕೆಯಲ್ಲಿ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದವನು ಇಷ್ಟು ದೊಡ್ಡದಾಗಿ ನೋಡಿರಲಿಲ್ಲ. ಅಭ್ಯಾಸಬಲದಿಂದ ಕಣ್ಣೊಳಗೆ ಇಣುಕಿದೆ. ಮೂಗು ತಾಗುವಷ್ಟು ಹತ್ತಿರ ಹೋಗಿ ಮತ್ತೆ ನೋಡಿದೆ. ಆಮೇಲೆ ನಗು ಬಂತು. ಬೇಟೆ ತಾನಾಗಿ ಬಲೆಗೆ ಬಿದ್ದಾಗ ಬರುವ ನಗು.

ಮಾಲೀಕನಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿ, ಯಾರಾದರೂ ಪ್ರಶ್ನೆ ಕೇಳಬಹುದು ಎಂದರು. ನಾನು ಕೈ ಎತ್ತಿದೆ. ಅವನು ದೂರದಿಂದಲೇ ಗುರುತು ಹಿಡಿದ. "ಓಹೋ, ನಮ್ಮ ಅಳಿಯಂದ್ರೂ ಬಂದವ್ರೆ! ಕೇಳಪ್ಪ."

"ಸಾಹೇಬ್ರೆ, ಈ ಫೋಟೋಗೆ ಬೆಳಕು ಯಾರು ಹಿಡಿದಿದ್ರು?"

ಅವನ ಮುಖ ಅರಳಿತು. ತಾನು ಉರು ಹೊಡೆದ ಪಾಠವನ್ನೇ ಕೇಳಿದ ಹಾಗಾಗಿತ್ತು. "ಇವನಕ್ಕಾನೇ! ನಮ್ಮ ಸ್ಟುಡಿಯೋದಲ್ಲಿ ಕೆಲಸಕ್ಕಿದ್ಲು. ಪಾಪ, ಈಗಿಲ್ಲ. ದೊಡ್ಡ ಥರ್ಮಾಕೋಲ್ ಶೀಟು ಹಿಡ್ಕೊಂಡು ನನ್ನ ಪಕ್ಕದಲ್ಲೇ ನಿಂತಿದ್ಲು. ಇವನೇ ಅದಕ್ಕೆ ಸಾಕ್ಷಿ, ಕೇಳಿ ಬೇಕಾದ್ರೆ."

"ಕ್ಯಾಮೆರಾ ನೀವೇ ಹಿಡಿದಿದ್ರಿ?"

"ಮತ್ತಿನ್ಯಾರು ಹಿಡೀತಾರೆ, ನಿಮ್ಮಪ್ಪನಾ?" ಸಭೆ ನಕ್ಕಿತು. ನಾನೂ ನಕ್ಕೆ.

"ಹಂಗಾದ್ರೆ ಎಲ್ರೂ ಸ್ವಲ್ಪ ಹತ್ರ ಬಂದು ಅಜ್ಜಿ ಕಣ್ಣು ನೋಡಿ," ಎಂದೆ.

ಆ ಹುಡುಗಿಯೇ ಮೊದಲು ಬಂದಳು. ತನ್ನ ಕ್ಯಾಮೆರಾದಲ್ಲಿ ಅಜ್ಜಿಯ ಒಂದು ಕಣ್ಣನ್ನು ಮಾತ್ರ ತೆಗೆದು, ವೇದಿಕೆಯ ಹಿಂದಿನ ಪ್ರೊಜೆಕ್ಟರ್ ಪರದೆಯ ಮೇಲೆ ಬಿಟ್ಟಳು. ಗೋಡೆಯಗಲ ಒಂದು ಪಾಪೆ. ಅದರೊಳಗೆ ಪಕ್ಕದಲ್ಲಿ ಒಂದು ಬಿಳಿ ಬಟ್ಟೆ, ನಡುವೆ ಜೋತುಬಿದ್ದದ್ದು, ಅಂಚು ಕಪ್ಪಗೆ ಕಾಣುವಂಥದ್ದು. ಬಟ್ಟೆಯ ಕೆಳಗೆ ಮೊಣಕಾಲಿನ ತನಕ ಲುಂಗಿ ಎತ್ತಿ ಕಟ್ಟಿದ ಎರಡು ಕಡ್ಡಿ ಕಾಲು. ನಟ್ಟನಡುವೆ, ಕ್ಯಾಮೆರಾ ಇರಬೇಕಾದ ಜಾಗದಲ್ಲಿ, ಮೊಣಕೈ ಎತ್ತಿ ಕುಕ್ಕರಗಾಲಲ್ಲಿ ಕೂತ ಒಬ್ಬಳು. ಹೆಗಲ ಮೇಲಿಂದ ಎದೆಯ ಮೇಲೆ ಇಳಿಬಿದ್ದ ಜಡೆ.

"ಥರ್ಮಾಕೋಲು ಜೋತಾಡ್ತದಾ ಸಾಹೇಬ್ರೆ?" ಎಂದೆ. "ನಮ್ಮಕ್ಕ ಲುಂಗಿ ಉಡ್ತಿದ್ಲಾ?"

ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಸಾರ್, ಆವಾಗ ತಾವು ಜಡೆ ಬಿಟ್ಟಿದ್ರಾ?"

ಭವನ ಒಡೆದುಹೋಗುವ ಹಾಗೆ ನಕ್ಕಿತು. ಅವನ ಕೈ ತನಗೆ ತಿಳಿಯದೆ ತನ್ನ ಬೋಳು ತಲೆ ಮುಟ್ಟಿಕೊಂಡಿತು. ಆ ಕೈಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನೆನೆದಾಗೆಲ್ಲ ಹೊಟ್ಟೆ ತಣ್ಣಗಾಗುತ್ತದೆ. ಕ್ಷಮಿಸಿ ಮರೆತುಬಿಡು ಎನ್ನುವ ದೊಡ್ಡವರು ನನ್ನ ಹತ್ತಿರ ಬರಬೇಡಿ.

ಆದರೆ ಅವನೂ ಪೇಟೆಯಲ್ಲಿ ಪಳಗಿದ ಆಸಾಮಿ. ಶಾಲು ಸರಿಮಾಡಿಕೊಂಡು ನನ್ನ ಕಡೆ ಬೆರಳು ತೋರಿಸಿದ. "ಲೋ, ಅವತ್ತು ಹಿರೀಕರ ಮುಂದೆ ಲೈಟ್ ಹಿಡೀತಿದ್ದೋಳು ನಮ್ಮಕ್ಕ ಅಂತ ಹೇಳಿದೋನು ಯಾರ್ಲಾ? ನಾನಾ, ನೀನಾ?"

ನಗು ನಿಂತಿತು. ಆ ಹುಡುಗಿ ನನ್ನತ್ತ ತಿರುಗಿದಳು.

"ನಾನೇ," ಎಂದೆ. "ಸುಳ್ಳು ಹೇಳಿದೆ. ಆ ಕಾಲು ನಂದು."

ಆಮೇಲೆ ಯಾರೂ ನನ್ನ ಹತ್ತಿರ ಬರಲಿಲ್ಲ. ಫೋಟೋದ ಕೆಳಗಿದ್ದ ಅವನ ಹೆಸರಿನ ಚೀಟಿಯನ್ನು ಏರ್ಪಾಡು ಮಾಡಿದವರು ಕಿತ್ತರು. ಬೇರೆ ಚೀಟಿ ಹಚ್ಚುವುದಕ್ಕೆ ವಿಚಾರಿಸಿ ನೋಡಬೇಕು ಎಂದರು. ಹುಡುಗಿ ಮಾತ್ರ ಪೆನ್ಸಿಲ್ ಹಿಡಿದು ಬಂದು, "ಅವರ ಹೆಸರು ಹೇಳಿ" ಎಂದಳು. ಹೇಳಿದೆ. ಗೋಂದಿನ ಕಲೆಯ ಮೇಲೆಯೇ ಬರೆದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಇರಬೇಕಾದ್ದು ಅಲ್ಲಿ. ಹೋಗುವಾಗ ಅವಳು ಕೇಳಿದ್ದು ಒಂದೇ, "ಆಮೇಲೆ ಅವರು ಏನೇನು ತೆಗೆದ್ರು ಅಂಕಲ್?" ಏನೂ ಇಲ್ಲ ಎಂದೆ.

ನಾನು ಅರಸೀಕೆರೆಗೆ ಬರುವಷ್ಟರಲ್ಲಿ ಸುದ್ದಿ ಬಾಣಾವರ ಸುತ್ತಿ ಮನೆಗೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ನನ್ನ ಮದ್ವೆಯಾಗಾಕೆ ನಿಮ್ಮಕ್ಕನ್ನೇ ತೆತ್ರಾ?" ಎಂದು ಕೇಳಿದಳು. ಎಷ್ಟೋ ದಿನ ತಟ್ಟೆಯಿಟ್ಟು ಹೋಗುತ್ತಿದ್ದಳೇ ಹೊರತು ಮಾತಿರಲಿಲ್ಲ. ಮೊನ್ನೆ ತಾನಾಗಿಯೇ ಟ್ರಂಕು ತೆರೆದು ಪಂಚೆ ತೆಗೆದು ಒಗೆದಿದ್ದು... ಅದನ್ನು ಒಳ್ಳೆಯ ಮಾತು ಎಂದು ತಿಳಿಯಬೇಕಿತ್ತು. ನಾನು ನೀಲಿಗೆ ಕೂಗಾಡಿದೆ. ಸಂಜೆ ಇಬ್ಬರೂ ಸೇರಿ ಮತ್ತೆ ಮತ್ತೆ ಜಾಲಿಸಿದೆವು. ನೀಲಿ ಪೂರ್ತಿ ಬಿಟ್ಟಿಲ್ಲ.

ಆ ಹುಡುಗಿ ಕಳಿಸಿದ ಕಣ್ಣಿನ ಚಿತ್ರವನ್ನು ಸ್ಟಿಕ್ಕರ್ ಮಾಡಿಸಿ ಆಟೋದ ಹಿಂಭಾಗಕ್ಕೆ ಅಂಟಿಸಿದ್ದೇನೆ. ದಿನವೂ ಸ್ಟುಡಿಯೋದ ಎದುರಿಗೇ ಬೆನ್ನು ಮಾಡಿ ನಿಲ್ಲಿಸುತ್ತೇನೆ. ಮೊದಲು ಅವನು ಕುರ್ಚಿ ತಿರುಗಿಸಿ ಹಾಕಿಕೊಂಡ. ಈಗ ಅರ್ಧ ಷಟರ್ ಎಳೆದುಕೊಂಡು ಕೂರುತ್ತಾನೆ. ಅವನಿಗೆ ದೇವರು ದೀರ್ಘಾಯುಷ್ಯ ಕೊಡಲಿ. ಕಣ್ಣಿಗೆ ಪೊರೆಯೂ ಬಾರದಿರಲಿ.

ಸಂಜೆ ಆಟೋ ಮನೆಗೆ ಬರುತ್ತದೆ. ಬೀಗ ಹಾಕಿ ಹಿಂದಕ್ಕೆ ಬಂದರೆ ಆ ಕಣ್ಣು ನನ್ನ ಪಾಲಿಗೆ. ಅಕ್ಕ ಇನ್ನೂ ಮೊಣಕೈ ಎತ್ತಿಕೊಂಡೇ ಇದ್ದಾಳೆ, ಜಡೆ ಮುಂದಕ್ಕೆ ಹಾಕಿಕೊಂಡು. ನಮ್ಮಿಬ್ಬರದ್ದು ಎಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ ಫೋಟೋ. ಅದರಲ್ಲೂ ನಾನು ಪಂಚೆಯ ಹಿಂದೆ ಮುಖ ಮರೆಸಿಕೊಂಡಿದ್ದೇನೆ.